ಉದ್ಯಾನದ ರಸ್ತೆಯೂ ಕಾಲ್ನಡೆಯವರ ಹಕ್ಕೂ

ದಾರಿಗೆ ಸಂಬಂಧಿಸಿದ ನಮ್ಮ ನುಡಿಯ ಶಬ್ದಗಳನ್ನು ಒಂದೆಡೆ ಇಟ್ಟು ನೋಡಿದರೆ ವಿಶೇಷವಾದ ಸಂಗತಿಯೊಂದು ಗೋಚರಿಸುತ್ತದೆ. ದಾರಿಹೋಕ, ದಾರಿಗ, ಕಾಲುದಾರಿ, ದಾರಿಬುತ್ತಿ, ಸಾಲುಮರ, ಅರವಟ್ಟಿಗೆ: ಇವೆಲ್ಲವೂ ನಡೆದು ಹೋಗುವ ಮನುಷ್ಯನನ್ನು ಕಣ್ಣಮುಂದಿಟ್ಟುಕೊಂಡು ಹುಟ್ಟಿದ ಮಾತುಗಳು. ಬಂಡಿಗೂ ಕುದುರೆಗೂ ದಾರಿಯಲ್ಲಿ ಎಡೆಯಿದ್ದಿತು. ಆದರೆ ದಾರಿಯ ಒಡೆತನ ಕಾಲ್ನಡೆಯವನದು. ನಡೆಯುವವನಿಗೆ ನೆರಳು ಬೇಕು, ನೀರು ಬೇಕು, ಹೊರೆಯನ್ನು ಇಳಿಸಿ ದಣಿವಾರಿಸಿಕೊಳ್ಳಲು ಒಂದು ಕಟ್ಟೆ ಬೇಕು. ಈ ಮೂರನ್ನೂ ಒದಗಿಸುವುದೇ ದಾರಿ ಮಾಡಿಸುವವನ ಧರ್ಮವೆಂದು ಹಿಂದಿನವರು ತಿಳಿದಿದ್ದರು. ಈ ತಿಳಿವಳಿಕೆಯು ನಮ್ಮಲ್ಲಿ ಹೇಗೆ ಮಾಸಿತು, ಈಚಿನ ವರ್ಷಗಳಲ್ಲಿ ಹೇಗೆ ಮರಳಿ ತಲೆಯೆತ್ತುತ್ತಿದೆ ಎಂಬುದನ್ನು ಬೆಂಗಳೂರಿನ ಕಬ್ಬನ್ ಉದ್ಯಾನದ ರಸ್ತೆಗಳ ಚರಿತ್ರೆಯ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಹಿಂದೂಪುರ, ಕಲ್ಯಾಣದುರ್ಗಗಳ ಕನ್ನಡಿಗರಿಗೆ ಬೆಂಗಳೂರಿನ ಒಂದು ತೋಟದ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ಮುಂದೆ ತಾನಾಗಿಯೇ ದೊರೆಯುವುದು.

ಈ ಧರ್ಮದ ಅತಿ ಪ್ರಾಚೀನ ಸಾಕ್ಷ್ಯ ನಮ್ಮ ನೆರೆಯಲ್ಲೇ ಇದೆ. ಅನಂತಪುರ ಜಿಲ್ಲೆಯ ಗುತ್ತಿಗೆ ಸಮೀಪದಲ್ಲಿ, ಕರ್ನೂಲು ಜಿಲ್ಲೆಗೆ ಸೇರಿದ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಹದಿನಾಲ್ಕು ಶಿಲಾಶಾಸನಗಳಿವೆ. ಅವುಗಳಲ್ಲಿ ಎರಡನೆಯದು ದಾರಿಗಳ ಬದಿಯಲ್ಲಿ ಬಾವಿಗಳನ್ನು ತೋಡಿಸಿ, ಮನುಷ್ಯರ ಹಾಗೂ ಪಶುಗಳ ಉಪಯೋಗಕ್ಕಾಗಿ ಮರಗಳನ್ನು ನೆಡಿಸಿದ ವಿಷಯವನ್ನು ತಿಳಿಸುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಅರಸನೊಬ್ಬನು ತನ್ನ ಆಡಳಿತದ ಕಾರ್ಯಗಳನ್ನು ಕಲ್ಲಿನಲ್ಲಿ ಕೊರೆಯಿಸುವಾಗ ದಾರಿಯ ಮರವನ್ನೂ ಅವುಗಳಲ್ಲಿ ಎಣಿಸಿದನೆಂಬುದು ಗಮನಾರ್ಹ. ಆ ಮರಗಳ ಫಲವನ್ನು ಪಡೆಯತಕ್ಕವರಲ್ಲಿ ಪಶುವೂ ಸೇರಿದೆಯೆಂಬುದು ಇನ್ನೂ ಗಮನಾರ್ಹ. ಮುಂದೆ ಕನ್ನಡ ನಾಡಿನ ಅರಸರೂ ದಂಡನಾಯಕರೂ ಸಾಮಾನ್ಯ ಗೃಹಸ್ಥರೂ ಕೆರೆ, ಬಾವಿ, ಅರವಟ್ಟಿಗೆಗಳನ್ನು ಪುಣ್ಯಕಾರ್ಯಗಳೆಂದು ಭಾವಿಸಿ ನಡೆಸಿಕೊಂಡು ಬಂದರು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಈಗಿನ ಹೇಮಾವತಿ, ನಮ್ಮ ಮಡಕಶಿರಾ ಸೀಮೆಯಲ್ಲಿಯೇ ಇರುವುದರಿಂದ ಆ ಪರಂಪರೆಗೆ ನಾವು ಹೊರಗಿನವರಲ್ಲ.

ಆಂಗ್ಲರ ಆಳ್ವಿಕೆಯಲ್ಲಿ ಈ ಧರ್ಮವು ಲೆಕ್ಕದ ಪುಸ್ತಕವನ್ನು ಸೇರಿತು. ೧೮೮೨ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಅನಂತಪುರವು ಪ್ರತ್ಯೇಕ ಜಿಲ್ಲೆಯಾಯಿತು. ಮದ್ರಾಸು ಆಧಿಪತ್ಯದ ಜಿಲ್ಲಾ ಬೋರ್ಡುಗಳು ರಸ್ತೆಗಳ ಎರಡು ಬದಿಗಳಲ್ಲಿ ಹುಣಿಸೆ, ಆಲ, ಬೇವು ಮುಂತಾದ ಸಾಲುಮರಗಳನ್ನು ಬೆಳೆಸಿ, ಫಲ ಕೊಡುವ ಮರಗಳ ಫಸಲನ್ನು ಹರಾಜು ಹಾಕುತ್ತಿದ್ದವು. ದಾರಿಹೋಕನಿಗೆ ನೆರಳು, ಬೋರ್ಡಿಗೆ ವರಮಾನ, ಊರಿನ ಅಡಿಗೆಗೆ ಹುಳಿ. ಹುಣಿಸೆಯ ವ್ಯಾಪಾರಕ್ಕೆ ಹೆಸರಾದ ಹಿಂದೂಪುರದ ಮಾರುಕಟ್ಟೆಯನ್ನು ಬಲ್ಲವರಿಗೆ ಈ ಏರ್ಪಾಡಿನ ಜಾಣ್ಮೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ನೆರೆಯ ಮೈಸೂರು ಸಂಸ್ಥಾನದಲ್ಲಿ ರಸ್ತೆಗಳ ಯುಗವನ್ನು ಆರಂಭಿಸಿದವನು ೧೮೩೪ರಿಂದ ೧೮೬೧ರವರೆಗೆ ಕಮಿಷನರನಾಗಿದ್ದ ಸರ್ ಮಾರ್ಕ್ ಕಬ್ಬನ್. ಅವನ ಆಡಳಿತಕಾಲದಲ್ಲಿ ಸಂಸ್ಥಾನದಾದ್ಯಂತ ಸುಮಾರು ೧,೬೦೦ ಮೈಲಿಗಳಷ್ಟು ರಸ್ತೆಗಳೂ ಮುನ್ನೂರಕ್ಕೂ ಮೇಲ್ಪಟ್ಟ ಸೇತುವೆಗಳೂ ನಿರ್ಮಾಣವಾದವು. ರಸ್ತೆಗಳನ್ನು ಮಾಡಿಸಿ ಪ್ರಸಿದ್ಧನಾದ ಈತನ ಹೆಸರು ಒಂದು ತೋಟಕ್ಕೆ ನಿಂತುದು ಚರಿತ್ರೆಯ ಒಂದು ವಿನೋದ. ೧೮೬೮ರ ಸುಮಾರಿಗೆ ಬೆಂಗಳೂರಿನಲ್ಲಿ ಅಠಾರಾ ಕಚೇರಿಯ ಕಟ್ಟಡವು ಪೂರ್ಣಗೊಂಡ ಬಳಿಕ ಅದರ ಮುಂದಿನ ಬಯಲನ್ನು ಉದ್ಯಾನವನ್ನಾಗಿ ರೂಪಿಸುವ ಯೋಜನೆಯು ಹುಟ್ಟಿತು. ಸಂಸ್ಥಾನದ ಮುಖ್ಯ ಎಂಜಿನಿಯರನಾಗಿದ್ದ ರಿಚರ್ಡ್ ಸ್ಯಾಂಕಿಯು ಅದರ ವಿನ್ಯಾಸವನ್ನು ಮಾಡಿದನು. ಹಂಗಾಮಿ ಕಮಿಷನರನಾಗಿದ್ದ ಸರ್ ಜಾನ್ ಮೀಡ್‌ನ ಕಾಲದಲ್ಲಿ, ೧೮೭೦ರಲ್ಲಿ, ಸುಮಾರು ನೂರು ಎಕರೆಗಳಲ್ಲಿ ಉದ್ಯಾನವು ಸಿದ್ಧವಾಯಿತು. ಮೊದಲು ಮೀಡ್ ಪಾರ್ಕ್ ಎನಿಸಿ, ಅನಂತರ ಕಬ್ಬನ್ ಪಾರ್ಕ್ ಆಗಿ, ೧೯೨೭ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ಸಂದರ್ಭದಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ಅಧಿಕೃತವಾಗಿ ನಾಮಕರಣಗೊಂಡರೂ, ಜನರ ಬಾಯಲ್ಲಿ ಅದು ಇಂದಿಗೂ ಕಬ್ಬನ್ ಪಾರ್ಕೇ.

ಈ ಉದ್ಯಾನದೊಳಗಿನ ರಸ್ತೆಗಳು ಮೂಲತಃ ಸವಾರಿಯ ಹಾದಿಗಳು. ಸಾರೋಟಿನಲ್ಲಿ ಕುಳಿತವರೂ ಕುದುರೆಯೇರಿದವರೂ ನಡೆದು ಬಂದವರೂ ಗಾಳಿ ಸೇವಿಸುತ್ತ ಸಾವಕಾಶವಾಗಿ ಸಾಗುವುದಕ್ಕಾಗಿ ಅವುಗಳನ್ನು ಬಳಸುಬಳಸಾಗಿ ಎಳೆಯಲಾಗಿತ್ತು. ಎಲ್ಲಿಗೋ ಬೇಗನೆ ತಲಪಬೇಕೆಂಬ ಆತುರ ಆ ರೇಖೆಗಳಲ್ಲಿ ಇರಲಿಲ್ಲ. ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮೆರಾನ್ ಮತ್ತು ಅವರ ಉತ್ತರಾಧಿಕಾರಿ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಇವರ ಕಾಲದಲ್ಲಿ ದೇಶವಿದೇಶಗಳ ಮರಗಳು ಬೆಂಗಳೂರಿಗೆ ಬಂದವು. ಒಂದು ಜಾತಿಯ ಮರ ಹೂಬಿಟ್ಟು ಮುಗಿಸುವ ವೇಳೆಗೆ ಇನ್ನೊಂದು ಅರಳುವಂತೆ, ವರ್ಷದ ಎಲ್ಲ ಮಾಸಗಳಲ್ಲೂ ಎಲ್ಲಿಯಾದರೂ ಒಂದೆಡೆ ಹೂವಿರುವಂತೆ ಮರಗಳನ್ನು ಆರಿಸಿ ನೆಡುವ ಕ್ರಮವನ್ನು ಕ್ರುಂಬಿಗಲ್ ರೂಢಿಗೆ ತಂದರು. ಈ ಸೊಬಗು ನಡೆಯುವವನಿಗಾಗಿ ಏರ್ಪಟ್ಟುದೆಂಬುದನ್ನು ಮರೆಯಬಾರದು. ವೇಗವಾಗಿ ಓಡುವ ವಾಹನದಲ್ಲಿ ಕುಳಿತವನಿಗೆ ಹೂವಿನ ಬಣ್ಣ ಒಂದು ಮಿಂಚಿನಂತೆ ಕಂಡು ಮಾಯವಾದೀತು. ಮರದ ಬುಡದಲ್ಲಿ ನಿಂತು ತಲೆಯೆತ್ತಿ ನೋಡುವವನಿಗೇ ಅದು ಪೂರ್ಣವಾಗಿ ದಕ್ಕುವುದು.

ಉದ್ಯಾನದ ಸ್ವರೂಪವನ್ನು ಮೋಟಾರು ವಾಹನವು ಹೇಗೆ ಬದಲಿಸಿತು? ಯಾವ ಅರಸನೂ ಯಾವ ಸರ್ಕಾರವೂ ತೋಟದ ರಸ್ತೆಯನ್ನು ವಾಹನಗಳಿಗೆ ಬಿಟ್ಟುಕೊಡುತ್ತೇವೆಂದು ಘೋಷಿಸಲಿಲ್ಲ. ಉದ್ಯಾನದ ಸುತ್ತಲೂ ಒಳಗೂ ಸಂಸ್ಥೆಗಳು ಒಂದೊಂದಾಗಿ ಎದ್ದವು. ೧೮೭೭ರಲ್ಲಿ ವಸ್ತುಸಂಗ್ರಹಾಲಯಕ್ಕೆ ಹೊಸ ಕಟ್ಟಡವಾಯಿತು. ೧೯೧೫ರ ವೇಳೆಗೆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ಸಿದ್ಧವಾಯಿತು. ೧೯೫೧ರಲ್ಲಿ ಅಸ್ತಿಭಾರ ಕಂಡ ವಿಧಾನಸೌಧವು ೧೯೫೬ರಲ್ಲಿ ತಲೆಯೆತ್ತಿ ನಿಂತಿತು. ಕಚೇರಿಗಳು ಹೆಚ್ಚಿದಂತೆ ಅವುಗಳಿಗೆ ಹೋಗಿಬರುವವರು ಹೆಚ್ಚಿದರು. ಉದ್ಯಾನವು ಹಳೆಯ ಪೇಟೆಗೂ ದಂಡು ಪ್ರದೇಶಕ್ಕೂ ನಡುವೆ ಇರುವುದರಿಂದ, ತೋಟದೊಳಗೆ ನುಗ್ಗಿ ಆಚೆಗೆ ಹೊರಡುವುದು ಹತ್ತಿರದ ದಾರಿಯೆಂಬುದನ್ನು ವಾಹನ ನಡೆಸುವವರು ಕಂಡುಕೊಂಡರು. ವಿಹಾರದ ಹಾದಿಯು ಹೀಗೆ ಅಡ್ಡದಾರಿಯಾಯಿತು. ಮೊದಲು ಒಂದೆರಡು ಕಾರುಗಳು, ಆಮೇಲೆ ಹತ್ತು, ಆಮೇಲೆ ಎಡೆಬಿಡದ ಸಾಲು. ಬಳಕೆಯೇ ಹಕ್ಕಿನ ವೇಷವನ್ನು ಧರಿಸಿತು. ನಡೆಯುವವನು ತನ್ನದೇ ತೋಟದಲ್ಲಿ ರಸ್ತೆ ದಾಟಲು ಕಾದು ನಿಲ್ಲಬೇಕಾಯಿತು. ಪ್ರತಿಭಟಿಸತಕ್ಕ ಒಂದು ದಿನವೆಂಬುದು ಬರಲೇ ಇಲ್ಲ. ಏಕೆಂದರೆ ಕಳೆದುಕೊಂಡುದು ಒಂದೇ ದಿನದಲ್ಲಿ ಅಲ್ಲ.

ನೆಲವನ್ನು ಕಾಪಾಡುವ ವಿಚಾರದಲ್ಲಿಯಾದರೋ ಜನರು ಎಚ್ಚೆತ್ತರು. ಸರ್ಕಾರಿ ಉದ್ಯಾನಗಳ ಭೂಮಿಯು ಪರಭಾರೆಯಾಗದಂತೆ ತಡೆಯಲು ೧೯೭೫ರಲ್ಲಿ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಅಧಿನಿಯಮವು ಜಾರಿಗೆ ಬಂದಿತು. ೧೯೯೮ರಲ್ಲಿ ಉದ್ಯಾನದ ಮೂವತ್ತಕ್ಕೂ ಹೆಚ್ಚು ಎಕರೆಗಳನ್ನು ಅದರ ಎಲ್ಲೆಯಿಂದ ಹೊರಗಿಡುವ ಪ್ರಯತ್ನ ನಡೆದಾಗ ನಾಗರಿಕರು ಬೀದಿಗಿಳಿದು ವಿರೋಧಿಸಿದರು. ವಿಷಯವು ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಆದರೆ ಕಾನೂನು ಕಾಯುತ್ತಿದ್ದುದು ನೆಲದ ಅಳತೆಯನ್ನು. ಆ ನೆಲದ ಮೇಲೆ ಹಗಲೆಲ್ಲ ಹರಿಯುವ ವಾಹನಗಳು ಎಕರೆಯ ಲೆಕ್ಕದಲ್ಲಿ ಒಂದು ಗುಂಟೆಯನ್ನೂ ಕಡಿಮೆ ಮಾಡುತ್ತಿರಲಿಲ್ಲವಾದರೂ ತೋಟದ ತೋಟತನವನ್ನು ಅಪಹರಿಸುತ್ತಿದ್ದವು.

ಕಳೆದುಕೊಂಡುದನ್ನು ಮರಳಿ ಪಡೆಯುವ ಕಾರ್ಯವು ೨೦೧೫ರಲ್ಲಿ, ಅತ್ಯಂತ ಸಣ್ಣದಾದ ಒಂದು ಹೆಜ್ಜೆಯಿಂದ ಮೊದಲಾಯಿತು. ಭಾನುವಾರಗಳಂದು ಉದ್ಯಾನದೊಳಗೆ ವಾಹನಗಳನ್ನು ಬಿಡಬಾರದೆಂದು ನಿಶ್ಚಯವಾಯಿತು. ಅಂದು ಕಚೇರಿಗಳಿಗೆ ಬಿಡುವು. ಆದುದರಿಂದ ತೊಂದರೆ ಸ್ವಲ್ಪ. ವಾಹನವಿಲ್ಲದ ರಸ್ತೆಯಲ್ಲಿ ಮಕ್ಕಳು ಸೈಕಲ್ ಕಲಿತರು; ವೃದ್ಧರು ಹಿಂದೆಮುಂದೆ ನೋಡದೆ ನಡೆದರು; ಓಟದ ಅಭ್ಯಾಸ ಮಾಡುವವರು ಗುಂಪುಗುಂಪಾಗಿ ಬಂದರು. ಕ್ರಮೇಣ ಸಾರ್ವತ್ರಿಕ ರಜಾದಿನಗಳೂ, ಎರಡನೆಯ ಹಾಗೂ ನಾಲ್ಕನೆಯ ಶನಿವಾರಗಳೂ ಈ ಏರ್ಪಾಡಿಗೆ ಸೇರಿದವು. ೨೦೨೦ರ ಮಾರ್ಚ್‌ನಲ್ಲಿ ಕೋವಿಡ್ ಮಹಾಮಾರಿಯ ನಿಮಿತ್ತ ದೇಶವೇ ಬಾಗಿಲು ಹಾಕಿಕೊಂಡಾಗ ಉದ್ಯಾನದ ದ್ವಾರಗಳೂ ಮುಚ್ಚಿದವು. ನಿರ್ಬಂಧಗಳು ಸಡಿಲಗೊಂಡು ದ್ವಾರಗಳು ತೆರೆದಾಗ ಜನರ ಮುಂದೆ ನಿಂತ ಪ್ರಶ್ನೆಯೇ ಬೇರೆ. ವಾಹನಗಳನ್ನು ಹೊರಗಿಡಬೇಕೇ ಎಂದು ಹಿಂದೆ ಕೇಳುತ್ತಿದ್ದೆವು. ಈಗ ಅವುಗಳನ್ನು ಮರಳಿ ಒಳಕ್ಕೆ ಬಿಡಬೇಕೇ ಎಂದು ಕೇಳುವಂತಾಯಿತು. ಕಾಲ್ನಡೆಯವರೂ ಸೈಕಲ್ ಸವಾರರೂ ಬಿಡಕೂಡದೆಂದರು; ನಗರ ಭೂಸಾರಿಗೆ ನಿರ್ದೇಶನಾಲಯವೂ ವಾಹನಮುಕ್ತ ಉದ್ಯಾನದ ಪಕ್ಷವನ್ನೇ ವಹಿಸಿತು. ಆದರೂ ಕೆಲಸದ ದಿನಗಳಲ್ಲಿ ವಾಹನಗಳು ಮರಳಿ ಬಂದವು. ೨೦೨೪ರಲ್ಲಿ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳಂದೂ ಅವುಗಳನ್ನು ಪ್ರಾಯೋಗಿಕವಾಗಿ ಬಿಡುವ ಪ್ರಸ್ತಾಪವು ಬಂದಾಗ ಉದ್ಯಾನದ ನಿತ್ಯಸಂಚಾರಿಗಳು ಪುನಃ ದನಿಯೆತ್ತಬೇಕಾಯಿತು. ಗಳಿಸಿದುದನ್ನು ಉಳಿಸಿಕೊಳ್ಳಲು ಗಳಿಸುವಾಗಿನಷ್ಟೇ ಎಚ್ಚರ ಬೇಕೆಂಬುದಕ್ಕೆ ಇದು ನಿದರ್ಶನ.

ಎದುರು ಪಕ್ಷದವರ ವಾದವನ್ನು ಕಡೆಗಣಿಸುವುದು ನ್ಯಾಯವಲ್ಲ. ತೋಟದ ರಸ್ತೆಯನ್ನು ಮುಚ್ಚಿದರೆ ಆ ವಾಹನಗಳೆಲ್ಲ ಕಸ್ತೂರ್ಬಾ ರಸ್ತೆಯ ಮೇಲೂ ಸುತ್ತಲಿನ ವೃತ್ತಗಳ ಮೇಲೂ ಬೀಳುತ್ತವೆಂದು ಅವರು ಹೇಳುತ್ತಾರೆ. ನ್ಯಾಯಾಲಯಕ್ಕೂ ಗ್ರಂಥಾಲಯಕ್ಕೂ ಬರತಕ್ಕವರು, ನಡೆಯಲಾರದ ವೃದ್ಧರು, ಅಂಗವಿಕಲರು ಏನು ಮಾಡಬೇಕೆಂದು ಕೇಳುತ್ತಾರೆ. ಇವುಗಳಲ್ಲಿ ಎರಡನೆಯದು ನಿಜವಾಗಿಯೂ ಉತ್ತರವನ್ನು ಬೇಡುವ ಪ್ರಶ್ನೆ. ನಡೆಯಲಾರದವರಿಗೆ ಮಂದಗತಿಯ ವಿದ್ಯುತ್ ಗಾಡಿಯನ್ನೋ ಪ್ರತ್ಯೇಕ ಪ್ರವೇಶವನ್ನೋ ಕಲ್ಪಿಸದೆ ದ್ವಾರವನ್ನು ಮುಚ್ಚಿದರೆ ಅದು ಒಬ್ಬ ದುರ್ಬಲನಿಗಾಗಿ ಇನ್ನೊಬ್ಬ ದುರ್ಬಲನನ್ನು ಹೊರಗಟ್ಟಿದಂತೆ. ಮೊದಲನೆಯದಕ್ಕೆ ಅನುಭವವೇ ಬಹುಮಟ್ಟಿಗೆ ಉತ್ತರ ಹೇಳುತ್ತದೆ. ರಸ್ತೆಯೊಂದು ಮುಚ್ಚಿದಾಗ ಅದರಲ್ಲಿ ಓಡುತ್ತಿದ್ದ ವಾಹನಗಳೆಲ್ಲವೂ ಪಕ್ಕದ ರಸ್ತೆಗೆ ಬರುವುದಿಲ್ಲ. ಕೆಲವರು ಹೊತ್ತನ್ನು ಬದಲಿಸುತ್ತಾರೆ, ಕೆಲವರು ಬಸ್ಸನ್ನೋ ರೈಲನ್ನೋ ಹಿಡಿಯುತ್ತಾರೆ, ಕೆಲವರು ಪ್ರಯಾಣವನ್ನೇ ಕೈಬಿಡುತ್ತಾರೆ. ೨೦೧೬ರಿಂದ ಉದ್ಯಾನದ ಅಂಚಿನಲ್ಲಿಯೇ ಮೆಟ್ರೋ ನಿಲ್ದಾಣವಿದೆ. ಹಿಂದೂಪುರದಲ್ಲಿ ರೈಲು ಹತ್ತಿ ಬೆಂಗಳೂರಿನ ದೊಡ್ಡ ನಿಲ್ದಾಣದಲ್ಲಿ ಇಳಿದವನು ಅಲ್ಲಿಂದ ಮೆಟ್ರೋದಲ್ಲಿ ಕುಳಿತರೆ ಒಂದೇ ಒಂದು ಮೋಟಾರು ಕಾರನ್ನೂ ಏರದೆ ತೋಟದ ಮರಗಳಡಿ ಕಾಲಿಡಬಹುದು.

ಬೇರೆ ದೇಶಗಳ ಅನುಭವವೂ ಇದಕ್ಕೆ ಸಮಾನವಾಗಿದೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ರಸ್ತೆಗಳಲ್ಲಿ ವಾರದ ರಜೆಯಂದು ಕಾರುಗಳನ್ನು ನಿಲ್ಲಿಸುವ ಪದ್ಧತಿ ೧೯೬೬ರ ಸುಮಾರಿಗೆ ಮೊದಲಾಗಿ, ಗಂಟೆ ಗಂಟೆಯಾಗಿ, ದಿನ ದಿನವಾಗಿ ಬೆಳೆದು, ೨೦೧೮ರಲ್ಲಿ ಆ ರಸ್ತೆಗಳು ಕಾರುಗಳಿಗೆ ಶಾಶ್ವತವಾಗಿ ಮುಚ್ಚಿದವು. ಅರ್ಧ ಶತಮಾನದ ತಾಳ್ಮೆಯ ಫಲವದು. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನ ಮುಖ್ಯ ರಸ್ತೆಯು ೧೯೬೭ರಿಂದ ಭಾನುವಾರಗಳಂದು ಮಾತ್ರ ಕಾಲ್ನಡೆಯವರದಾಗಿತ್ತು. ೨೦೨೦ರಲ್ಲಿ ಎಲ್ಲ ದಿನಗಳಿಗೂ ಹಾಗಾಯಿತು. ೨೦೨೨ರ ನವೆಂಬರಿನಲ್ಲಿ ಆ ನಗರದ ಮತದಾರರು ಬಹುಮತದಿಂದ ಅದನ್ನು ಸ್ಥಿರಪಡಿಸಿದರು. ದಕ್ಷಿಣ ಅಮೆರಿಕದ ಬೊಗೋಟಾ ನಗರದಲ್ಲಿ ೧೯೭೪ರಿಂದ ನಡೆದುಬಂದಿರುವ ಏರ್ಪಾಡಿನಂತೆ ಭಾನುವಾರಗಳಂದು ನೂರಕ್ಕೂ ಹೆಚ್ಚು ಕಿಲೋಮೀಟರು ಬೀದಿಗಳು ಸೈಕಲ್ಲಿಗೂ ನಡಿಗೆಗೂ ತೆರೆದುಕೊಳ್ಳುತ್ತವೆ. ಈ ಮೂರು ಊರುಗಳಲ್ಲೂ ಆರಂಭವಾದುದು ಒಂದು ಭಾನುವಾರದಿಂದಲೇ. ವಾಹನವು ತೋಟವನ್ನು ಸ್ವಲ್ಪಸ್ವಲ್ಪವಾಗಿ ಆಕ್ರಮಿಸಿದಂತೆಯೇ ಜನರು ಅದನ್ನು ಸ್ವಲ್ಪಸ್ವಲ್ಪವಾಗಿ ಹಿಂಪಡೆದರು. ಮಾತಿನಿಂದ ಒಪ್ಪದವನು ರುಚಿ ಕಂಡ ಮೇಲೆ ಒಪ್ಪುತ್ತಾನೆ.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ವಾಹನವನ್ನು ನಿಲ್ಲಿಸಿದ ಮಾತ್ರಕ್ಕೆ ರಸ್ತೆಯು ತೋಟವಾಗುವುದಿಲ್ಲ. ಡಾಮರಿನ ಹಾಸು ಹಾಗೆಯೇ ಉಳಿದರೆ ಅದು ವಾಹನದ ಖಾಲಿ ಪೀಠ. ಒಡೆಯನು ಯಾವಾಗ ಬೇಕಾದರೂ ಬಂದು ಕುಳಿತುಕೊಳ್ಳಬಹುದು. ಮರದ ಆಹಾರದ ಬೇರುಗಳು ಬಹುಪಾಲು ನೆಲದ ಮೇಲ್ಪದರದಲ್ಲಿಯೇ, ಕೊಂಬೆಗಳ ಹರವನ್ನೂ ಮೀರಿ ಚಾಚಿಕೊಂಡಿರುತ್ತವೆ. ಅವುಗಳಿಗೆ ನೀರಿನಷ್ಟೇ ಗಾಳಿಯೂ ಬೇಕು. ಚಕ್ರಗಳ ಭಾರದಿಂದ ಗಟ್ಟಿಯಾದ ಮಣ್ಣಿನಲ್ಲಿ, ಡಾಮರಿನಿಂದ ಮುಚ್ಚಿದ ನೆಲದಲ್ಲಿ ಮಳೆಯ ನೀರು ಇಂಗದೆ ಹರಿದುಹೋಗುತ್ತದೆ. ಬೇರು ಉಸಿರುಗಟ್ಟಿ ಸೊರಗುತ್ತದೆ. ಬಿರುಗಾಳಿ ಬೀಸಿದಾಗ ಅಂಥ ಮರವೇ ಮೊದಲು ಉರುಳುವುದು. ಆದುದರಿಂದ ರಸ್ತೆಯ ಅಗಲವನ್ನು ಕುಗ್ಗಿಸಿ, ನಡಿಗೆಗೂ ಸೈಕಲ್ಲಿಗೂ ಬೇಕಾದಷ್ಟನ್ನು ಉಳಿಸಿ, ಮಿಕ್ಕ ಡಾಮರನ್ನು ಕಿತ್ತು ಮಣ್ಣನ್ನು ಮಳೆಗೆ ಒಡ್ಡಿದಾಗಲೇ ಕಾರ್ಯವು ಪೂರ್ಣವಾಗುವುದು. ಕಬ್ಬನ್ ಉದ್ಯಾನದ ಚರಿತ್ರೆಯಲ್ಲಿ ಈ ಅಧ್ಯಾಯವನ್ನು ಇನ್ನು ಮುಂದೆ ಬರೆಯಬೇಕಾಗಿದೆ.

ನಮ್ಮ ಊರುಗಳ ವಿಚಾರಕ್ಕೆ ಬರೋಣ. ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯವು ಉದಯಿಸಿದಾಗ ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದವು; ರಾಯದುರ್ಗ, ಆಲೂರು, ಆದವಾನಿಗಳು ಆಂಧ್ರದಲ್ಲಿ ಉಳಿದವು. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗಗಳೂ ಆಂಧ್ರದಲ್ಲಿಯೇ ಉಳಿದವು. ೨೦೨೨ರಲ್ಲಿ ಜಿಲ್ಲೆಗಳು ಪುನಃ ವಿಭಾಗಗೊಂಡು ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗವು ಅನಂತಪುರದಲ್ಲಿಯೇ ನಿಂತಿತು. ಗಡಿಗಳು ಹೀಗೆ ಸರಿದಾಡಿದರೂ ಬಿಸಿಲು ಸರಿದಾಡಲಿಲ್ಲ. ವರ್ಷಕ್ಕೆ ಸರಾಸರಿ ೫೫೦ ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಈ ಸೀಮೆಯಲ್ಲಿ ನೆರಳೆಂಬುದು ಅಲಂಕಾರವಲ್ಲ, ಅನ್ನದಷ್ಟೇ ಆವಶ್ಯಕವಾದ ವಸ್ತು. ಕದಿರಿಯ ಬಳಿಯ ತಿಮ್ಮಮ್ಮ ಮರ್ರಿಮಾನು ಎಂಬ ಆಲದ ಮರವು ಸುಮಾರು ಐದು ಎಕರೆಗಳಷ್ಟು ನೆಲಕ್ಕೆ ನೆರಳನ್ನು ಚೆಲ್ಲಿ ೧೯೮೯ರಲ್ಲಿ ಗಿನ್ನೆಸ್ ದಾಖಲೆಯನ್ನು ಸೇರಿತು. ಅಂಥ ಮರವನ್ನು ಪೂಜಿಸುವ ಜನರು ತಮ್ಮ ಊರಿನ ಬೀದಿಯ ಬೇವಿಗೆ ಕೊಡಲಿ ಬಿದ್ದಾಗ ಸುಮ್ಮನಿರುವುದು ವಿಚಿತ್ರ.

ಕೊಡಿಕೊಂಡದಿಂದ ಲೇಪಾಕ್ಷಿ, ಹಿಂದೂಪುರ, ಮಡಕಶಿರಾಗಳ ಮಾರ್ಗವಾಗಿ ಶಿರಾಕ್ಕೆ ಹೋಗುವ ರಸ್ತೆಯು ಈಗ ರಾಷ್ಟ್ರೀಯ ಹೆದ್ದಾರಿ. ಹೆದ್ದಾರಿಗಳು ಬೇಕು, ನಮ್ಮ ರೇಷ್ಮೆಯೂ ಹುಣಿಸೆಯೂ ಬೆಲ್ಲವೂ ಅವುಗಳ ಮೂಲಕವೇ ಹೊರಗೆ ಹೋಗಬೇಕು. ಆದರೆ ಅಗಲವಾಗುವ ರಸ್ತೆಗೆ ಸಾಲುಮರ ಬಲಿಯಾಗಲೇಬೇಕೆಂಬ ನಿಯಮವಿಲ್ಲ. ಮಾಗಡಿ ಸೀಮೆಯ ಹುಲಿಕಲ್ಲು ಮತ್ತು ಕುದೂರುಗಳ ನಡುವಣ ರಸ್ತೆಯಲ್ಲಿ ಆಲದ ಗಿಡಗಳನ್ನು ನೆಟ್ಟು, ದೂರದಿಂದ ನೀರು ಹೊತ್ತು ಮಕ್ಕಳಂತೆ ಸಾಕಿದ ಸಾಲುಮರದ ತಿಮ್ಮಕ್ಕನವರ ಹೆಸರನ್ನು ಅರಿಯದವರಿಲ್ಲ. ೨೦೧೯ರಲ್ಲಿ ಪದ್ಮಶ್ರೀ ಪ್ರಶಸ್ತಿ ಪಡೆದ ಅವರು ಅದೇ ವರ್ಷ, ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣದಿಂದ ತಮ್ಮ ಮರಗಳಿಗೆ ಅಪಾಯ ಬಂದಾಗ ಅವುಗಳನ್ನು ಉಳಿಸಿಕೊಡಿರೆಂದು ಸರ್ಕಾರದ ಮುಂದೆ ಬೇಡಿಕೊಳ್ಳಬೇಕಾಯಿತು. ಸರ್ಕಾರವು ಪರ್ಯಾಯ ಮಾರ್ಗವನ್ನು ಹುಡುಕುವುದಾಗಿ ಒಪ್ಪಿತು. ನೂರು ವರ್ಷ ದಾಟಿದ ತಾಯಿಯ ಮಾತಿಗೆ ಮನ್ನಣೆ ದೊರೆಯಿತು; ಹೆಸರಿಲ್ಲದವರು ನೆಟ್ಟ ಮರಗಳ ಪರವಾಗಿ ಮಾತನಾಡುವವರು ಯಾರು? ೨೦೨೫ರ ನವೆಂಬರಿನಲ್ಲಿ ಅವರು ತೀರಿಕೊಂಡ ಮೇಲೆ ಈ ಪ್ರಶ್ನೆಯು ನಮ್ಮೆಲ್ಲರ ಪಾಲಿಗೆ ಬಂದಿದೆ.

ಹಿಂದೂಪುರ, ಕಲ್ಯಾಣದುರ್ಗಗಳಲ್ಲಿ ಮುನ್ನೂರು ಎಕರೆಯ ಉದ್ಯಾನವಿಲ್ಲವೆಂಬುದು ನಿಜ. ಆದರೆ ಕಬ್ಬನ್ ಉದ್ಯಾನದ ಪಾಠವನ್ನು ಕಲಿಯಲು ಮುನ್ನೂರು ಎಕರೆ ಬೇಕಾಗಿಲ್ಲ. ಶಾಲೆಯ ಮುಂದಿನ ಬೀದಿ, ಕೆರೆಯ ಏರಿ, ದೇವಸ್ಥಾನದ ಸುತ್ತಲಿನ ರಥಬೀದಿ, ಪುರಸಭೆಯ ಚಿಕ್ಕ ತೋಟದ ಪಕ್ಕದ ರಸ್ತೆ: ಇವುಗಳಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಂಡು, ಭಾನುವಾರದ ಬೆಳಗಿನಲ್ಲಿ ಮೂರು ಗಂಟೆಗಳ ಕಾಲ ವಾಹನಗಳಿಲ್ಲದಂತೆ ಇಡಲು ಪುರಸಭೆಯನ್ನೂ ಪೊಲೀಸರನ್ನೂ ಕೇಳಿಕೊಳ್ಳಬಹುದು. ತೇರಿನ ದಿನ ರಥಬೀದಿಯಲ್ಲಿ ಬಂಡಿಯನ್ನೂ ಮೋಟಾರನ್ನೂ ತಡೆಯುವುದು ನಮಗೆ ಹೊಸತಲ್ಲ. ಅಂದು ಯಾರೂ ಅದನ್ನು ಅಡಚಣೆಯೆಂದು ಗೊಣಗುವುದಿಲ್ಲ. ದೇವರಿಗಾಗಿ ವರ್ಷಕ್ಕೊಮ್ಮೆ ಮಾಡುವುದನ್ನು ಮಕ್ಕಳಿಗಾಗಿ ವಾರಕ್ಕೊಮ್ಮೆ ಮಾಡುವುದು ಅಸಾಧ್ಯವಲ್ಲ. ಮರ ಕಡಿಯುವ ಮುನ್ನ ಅನುಮತಿ ಪಡೆಯಬೇಕೆಂದು ವಿಧಿಸುವ ಆಂಧ್ರಪ್ರದೇಶದ ಜಲ, ಭೂಮಿ ಮತ್ತು ವೃಕ್ಷ ಅಧಿನಿಯಮವು ೨೦೦೨ರಿಂದ ಇದೆ. ಅದು ತೆಲುಗರಿಗೂ ಕನ್ನಡಿಗರಿಗೂ ಒಂದೇ. ಗಡಿನಾಡಿನ ಕನ್ನಡ ಸಂಘವೊಂದು ತನ್ನ ನುಡಿಯ ಶಾಲೆಗಳಿಗಾಗಿ ಹೋರಾಡುವಂತೆಯೇ, ಆ ಶಾಲೆಗಳಿಗೆ ಮಕ್ಕಳು ನಿರ್ಭಯವಾಗಿ ನಡೆದು ಹೋಗುವ ನೆರಳಿನ ದಾರಿಗಾಗಿಯೂ ಕೇಳಿದರೆ ನೆರೆಯ ತೆಲುಗು ಬಂಧುಗಳು ನಮ್ಮ ಜೊತೆಗೆ ನಿಲ್ಲುವರೆಂಬುದರಲ್ಲಿ ಸಂದೇಹವಿಲ್ಲ. ನೆರಳಿಗೆ ಭಾಷೆಯ ಭೇದವಿಲ್ಲ.

ಎರ್ರಗುಡಿಯ ಬಂಡೆಯ ಮೇಲೆ ಮರ ನೆಟ್ಟ ಸುದ್ದಿಯನ್ನು ಕೊರೆದು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮೇಲಾಯಿತು. ಆ ಮರಗಳು ಇಂದು ಇಲ್ಲ. ಆ ಚಕ್ರವರ್ತಿಯೂ ಇಲ್ಲ. ಆದರೆ ದಾರಿಯು ಮೊದಲು ಯಾರಿಗಾಗಿ ಎಂಬ ಪ್ರಶ್ನೆಗೆ ಆ ಶಾಸನವು ಕೊಟ್ಟ ಉತ್ತರ ಇನ್ನೂ ಕಲ್ಲಿನ ಮೇಲಿದೆ. ಅದನ್ನು ಪುನಃ ನೆಲದ ಮೇಲೆ ಬರೆಯುವ ಕೆಲಸವು ಒಂದು ಬೀದಿಯಿಂದ, ಒಂದು ಭಾನುವಾರದಿಂದ ಆರಂಭವಾಗಲಿ.